ವಾಚನಾಲಯದ ಚಾವಣಿ ಮತ್ತು ವಿದ್ಯಾರ್ಥಿಗಳ ಶುಲ್ಕ: ತಿಂಗಳ ಕೊನೆಯೊಳಗೆ ನೆರವಾಗಲು ಮನವಿ

ಧಾರವಾಡದ ನಮ್ಮ ವಿದ್ಯಾರ್ಥಿ ನಿಲಯದ ಹಳೆಯ ವಿದ್ಯಾರ್ಥಿ ಬಂಧುಗಳಿಗೂ ಹಿತೈಷಿಗಳಿಗೂ ಶರಣು ಶರಣಾರ್ಥಿ.

ಕಳೆದ ವಾರದ ಮಳೆಗೆ ವಾಚನಾಲಯದ ಚಾವಣಿ ಪೂರ್ತಿ ಕೈಕೊಟ್ಟಿತು. ಎರಡು ವರ್ಷದಿಂದ ಜಿನುಗುತ್ತಿದ್ದ ಮೂಲೆಯಲ್ಲಿ ಗಾರೆ ಕಳಚಿ ಬಿತ್ತು. ಕಪಾಟುಗಳನ್ನು ಹುಡುಗರೇ ರಾತ್ರೋರಾತ್ರಿ ಪ್ರಸಾದದ (ಊಟದ) ಕೋಣೆಗೆ ಸಾಗಿಸಿದ್ದರಿಂದ ಪುಸ್ತಕಗಳು ಉಳಿದವು. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್ ಮಾತ್ರ ಉಳಿಯಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳನ್ನೆಲ್ಲ ತುಂಬುತ್ತಿದ್ದುದು ಅವುಗಳಲ್ಲೇ. ಅರ್ಜಿ ಹಾಕುವ ಕಾಲ ಈಗಲೇ, ಮೊದಲ ಸೆಮಿಸ್ಟರಿನ ಶುಲ್ಕದ ಗಡುವೂ ಈ ತಿಂಗಳ ಕೊನೆಗೇ.

ನಿಲಯದ ಇತಿಹಾಸ ನಿಮಗೆ ಹೊಸದಲ್ಲ, ನೀವೇ ಅದರೊಳಗಿನವರು. ಆದರೂ ಹೇಳದೆ ಇರಲಾಗದು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದಾಗಿನಿಂದ ಧಾರವಾಡಕ್ಕೆ ಬುತ್ತಿ ಕಟ್ಟಿಕೊಂಡು ಬಂದ ಹಳ್ಳಿಯ ಹುಡುಗರಿಗೆ ಇಲ್ಲಿ ಒಂದಲ್ಲ ಒಂದು ಕಡೆ ಅನ್ನ ಸಿಕ್ಕಿದೆ. ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಪ್ರಸಾದ ನಿಲಯದಲ್ಲಿ ಉಂಡವರೆಷ್ಟು ಮಂದಿ! ಅತ್ತ ಸವದತ್ತಿ ಸೀಮೆಯಲ್ಲಿ ಶಿರಸಂಗಿ ಲಿಂಗರಾಜರು ಇಡೀ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು. ಅಂಥ ದೊಡ್ಡವರ ನೆರಳಲ್ಲಿ ನಮ್ಮದು ಚಿಕ್ಕ ನಿಲಯ. ಹಾಗಿದ್ದರೂ ನವಲಗುಂದ, ನರಗುಂದ, ರಾಮದುರ್ಗ, ಸವದತ್ತಿ ಕಡೆಯ ಒಕ್ಕಲು ಮಕ್ಕಳು ಇಲ್ಲಿ ಉಂಡು ಓದಿ ಡಾಕ್ಟರರಾಗಿದ್ದಾರೆ, ತಹಶೀಲ್ದಾರರಾಗಿದ್ದಾರೆ, ಇಬ್ಬರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾರೆ. ರಾತ್ರಿ ಎಂಟರ ಪ್ರಾರ್ಥನೆ ಒಂದು ದಿನವೂ ತಪ್ಪಿಲ್ಲ. ಚಾವಣಿ ಬಿದ್ದ ದಿನವೂ ಅಂಗಳದಲ್ಲಿ ನಿಂತು ಮಾಡಿದೆವು.

‘ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತದಲ್ಲ, ನಿಮ್ಮ ಟ್ರಸ್ಟ್ ಯಾಕೆ ಬೇಕು’ ಎಂದು ಕೇಳುವವರಿದ್ದಾರೆ. ಕೊಡುತ್ತದೆ, ನಿಜ. ಆದರೆ ಅರ್ಹತೆ ಇದ್ದ ಮಗುವಿಗೂ ದುಡ್ಡು ಕೈಸೇರುವುದಕ್ಕೂ ನಡುವೆ ಏನೇನಿದೆ ಎಂದು ಅರ್ಜಿ ತುಂಬಿದವರಿಗೇ ಗೊತ್ತು.

ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನವನ್ನೇ ನೋಡಿ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000. ಮನೆಯ ಆದಾಯ ನಾಲ್ಕೂವರೆ ಲಕ್ಷ ದಾಟಿರಬಾರದು. ದೂರಶಿಕ್ಷಣದವರಿಗಿಲ್ಲ, ಡಿಪ್ಲೊಮಾದವರಿಗೂ ಇಲ್ಲ. ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್ ಮೇಲಿರಬೇಕು ಎಂಬ ನಿಯಮವನ್ನು ನಮ್ಮ ಮಕ್ಕಳು ಶೇ 80 ಅಂಕ ಎಂದು ಓದಿಕೊಂಡು ಸುಮ್ಮನಾಗುತ್ತಾರೆ. ತಮ್ಮ ಬೋರ್ಡಿನಲ್ಲಿ, ತಮ್ಮ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಐದನೇ ಒಂದು ಪಾಲಿನಲ್ಲಿದ್ದರೆ ಸಾಕು. ಎಷ್ಟು ಅಂಕಕ್ಕೆ ಆ ಗೆರೆ ಬೀಳುತ್ತದೆ ಎಂಬುದು ವಿಭಾಗದಿಂದ ವಿಭಾಗಕ್ಕೆ ಬೇರೆ. ಸಿಕ್ಕ ಮೇಲೂ ಪ್ರತಿ ವರ್ಷ ಶೇ 50 ಅಂಕ, ಶೇ 75 ಹಾಜರಾತಿ ತೋರಿಸಬೇಕು. ಹತ್ತಿ ಬಿಡಿಸುವ ಹಂಗಾಮಿಗೆ ಊರಿಗೆ ಓಡುವ ಮಕ್ಕಳು ಹಾಜರಾತಿಯಲ್ಲೇ ಸೋಲುತ್ತಾರೆ. ಇದನ್ನು ಪಡೆದವರು ಬೇರೆ ಸ್ಕಾಲರ್‌ಶಿಪ್ ಪಡೆಯುವಂತಿಲ್ಲವಾದ್ದರಿಂದ ಯಾವುದು ಲಾಭ ಎಂದು ಮೊದಲೇ ಲೆಕ್ಕ ಹಾಕಿ ಹೇಳುವವರೂ ಬೇಕು.

ರೈತರ ಮಕ್ಕಳಿಗೆ ರಾಜ್ಯದ ವಿದ್ಯಾರ್ಥಿವೇತನ, ರೈತ ವಿದ್ಯಾನಿಧಿ, 2021ರಲ್ಲಿ ಬಂದಾಗ ನಾವೆಲ್ಲ ಹಿಗ್ಗಿದ್ದೆವು. ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ಆಗ ಘೋಷಿಸಿದ್ದರು. ಅದಕ್ಕೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಐಡಿ, ಅಂದರೆ ಜಮೀನಿನ ದಾಖಲೆಗೆ ಜೋಡಿಸಿದ ರೈತ ನೋಂದಣಿ ಸಂಖ್ಯೆ ಬೇಕು. ಹೊಲದ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ? ನಮ್ಮ ಸೀಮೆಯಲ್ಲಿ ಅಂಥ ಮನೆಗಳೇನು ಕಡಿಮೆಯೇ? ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆ ಬಂದರೆ ಪ್ರೋತ್ಸಾಹಧನವಿದೆ: ಪಿಯುಸಿಗೆ 20,000, ಪದವಿಗೆ 25,000. ಒಳ್ಳೆಯ ಯೋಜನೆ, ಆದರೆ ಅದು ಪಾಸಾದ ಮೇಲಿನ ದುಡ್ಡು. ಕಾಲೇಜಿನ ಕೌಂಟರ್ ಕೇಳುವುದು ಇವತ್ತಿನ ದುಡ್ಡು.

ಹೋದ ವರ್ಷ ಒಬ್ಬ ಹುಡುಗಿ ಬಂದಳು. ತಾಯಿ ಕಳೆ ತೆಗೆಯಲು ಹೋಗುತ್ತಾಳೆ, ತಂದೆ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಅದನ್ನು ಸರಿ ಮಾಡಿಸಿದೆವು. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ತುಂಬಿತ್ತು, ಹೊಸದು ಮಾಡಿಸಿ ಅದರ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಅರ್ಜಿಯಲ್ಲಿ ಹಾಕಿದೆವು. ಸ್ಕಾಲರ್‌ಶಿಪ್ ಮಂಜೂರಾಯಿತು. ಆದರೂ ಪಾಸ್‌ಬುಕ್ಕಿನಲ್ಲಿ ದುಡ್ಡಿಲ್ಲ! ಹುಡುಕಿದರೆ, ನೇರ ವರ್ಗಾವಣೆಯ ಹಣ ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಯಾವಾಗಲೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಅದು ಕೂತಿತ್ತು. ಅಷ್ಟರಲ್ಲಿ ಪರೀಕ್ಷಾ ಶುಲ್ಕಕ್ಕೆ ತಾಯಿ ಕಿವಿಯೋಲೆ ಅಡವಿಟ್ಟಾಗಿತ್ತು. ಆ ಹುಡುಗಿ ಈಗ ಬಿಎಸ್ಸಿ ಎರಡನೇ ವರ್ಷ, ಗಣಿತದಲ್ಲಿ ತರಗತಿಗೇ ಮೊದಲು. ಇನ್ನೊಬ್ಬನ ತಂದೆ ಬಸ್ ಚಾಲಕರು, ಆದಾಯ ಮಿತಿಗಿಂತ ಸ್ವಲ್ಪವೇ ಹೆಚ್ಚು, ಮನೆಯಲ್ಲಿ ಓದುವವರು ಮೂವರು. ಅವನಿಗೆ ಯಾವ ಯೋಜನೆಯೂ ಇಲ್ಲ.

ಇಂಥವರಿಗಾಗಿಯೇ ನಮ್ಮ ಹಿರಿಯ ಧರ್ಮದರ್ಶಿಯೊಬ್ಬರು ತಮ್ಮ ಪಿಂಚಣಿಯಿಂದ ನೆರವು ನಿಧಿ ಆರಂಭಿಸಿದರು. ಶುಲ್ಕವನ್ನು ನಿಧಿಯಿಂದ ಮೊದಲೇ ಕಟ್ಟುತ್ತೇವೆ, ಸ್ಕಾಲರ್‌ಶಿಪ್ ಬಂದ ಮೇಲೆ ವಿದ್ಯಾರ್ಥಿ ಮರಳಿಸುತ್ತಾನೆ. ಬಡ್ಡಿಯಿಲ್ಲ, ಬಾಂಡ್ ಇಲ್ಲ, ವಿಭೂತಿಯ ಮೇಲೆ ಆಣೆಯೂ ಇಲ್ಲ. ಹೆಚ್ಚಿನವರು ಮರಳಿಸಿದ್ದಾರೆ. ನಮ್ಮಲ್ಲಿ ಜಾಗ ಸಿಗದೆ ಬಾಡಿಗೆ ಕೋಣೆಯಲ್ಲಿರುವ ಮಕ್ಕಳಿಗೂ ಜಾತಿ ಕೇಳದೆ ಅರ್ಜಿ ತುಂಬಿಕೊಟ್ಟಿದ್ದೇವೆ. ಜಿಲ್ಲೆಯಲ್ಲಿ ಇಂಥ ಕೆಲಸ ಮಾಡುವ ನಿಲಯ ಇನ್ನೊಂದಿದ್ದರೆ ತೋರಿಸಿ ಎಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಈ ವರ್ಷ ಪ್ರವೇಶ ಹೆಚ್ಚಾಗಿ ನಿಧಿ ಬರಿದಾಗಿದೆ.

ಬೇಕಾದದ್ದು ಇಷ್ಟು. ಚಾವಣಿಗೆ ಎಂಜಿನಿಯರರು ಹೇಳಿದ್ದು ಸುಮಾರು ನಾಲ್ಕು ಲಕ್ಷ, ಮರಳು ಸಿಮೆಂಟಿನ ದರ ನೋಡಿದರೆ ಐದಾದರೂ ಆಶ್ಚರ್ಯವಿಲ್ಲ. ಕಂಪ್ಯೂಟರ್, ಸ್ಕ್ಯಾನರಿಗೆ ಒಂದು ಲಕ್ಷದ ಆಸುಪಾಸು. ನಿಧಿಗೆ ಹತ್ತು ಲಕ್ಷವಾದರೂ ಬೇಕು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಶುಲ್ಕದ ದುಡ್ಡು. ಚಾವಣಿಗೆ ತಾಡಪಾಲು ಹೊದಿಸಿ ಇನ್ನೊಂದು ತಿಂಗಳು ತಳ್ಳಬಹುದು, ಕಾಲೇಜಿನ ಗಡುವು ತಳ್ಳಲಾಗದು. ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಶುಲ್ಕವನ್ನು ಒಂದು ಮನೆ ಹೊತ್ತರೂ ದೊಡ್ಡದು.

ನಿಲಯ ನಡೆಸುವ ನಮ್ಮ ಟ್ರಸ್ಟಿಗೆ 80ಜಿ ಮಾನ್ಯತೆ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ) ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ಸಿಗುತ್ತದೆ. ಎರಡು ಸಾವಿರ ರೂಪಾಯಿ ಮೀರಿದ ನಗದಿಗೆ ಅದು ಅನ್ವಯಿಸದು, ದಯವಿಟ್ಟು ಚೆಕ್ ಅಥವಾ ಆನ್‌ಲೈನ್ ಮೂಲಕ ಕಳಿಸಿ, ಪ್ಯಾನ್ ಸಂಖ್ಯೆ ಬರೆಯಿರಿ. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರಿಂದ ಸದ್ಯ ತೆಗೆದುಕೊಳ್ಳಲಾಗದು, ನಮಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲ. ಅಂಥವರು ಊರಿನ ಅಣ್ಣ ತಮ್ಮಂದಿರ ಕಿವಿಗೆ ಈ ವಿಷಯ ಹಾಕಿದರೆ ಅದೇ ಉಪಕಾರ. ಹಣ ಕೊಡಲಾಗದವರು, ಅದರಲ್ಲೂ ಬ್ಯಾಂಕಿನಿಂದ ನಿವೃತ್ತರಾದವರು, ಭಾನುವಾರ ಬೆಳಿಗ್ಗೆ ಬಂದು ಎರಡು ತಾಸು ಅರ್ಜಿ ತುಂಬಿಕೊಡಿ. ಬರುವಾಗ ಚಾಲ್ತಿಯಲ್ಲಿರುವ ಲ್ಯಾಪ್‌ಟಾಪ್ ಇದ್ದರೆ ತನ್ನಿ.

ಇಂತಿ,
ಅಧ್ಯಕ್ಷರು ಮತ್ತು ಧರ್ಮದರ್ಶಿ ಮಂಡಳಿ