ಟೆಂಟ್ ಬಿಚ್ಚೂಕ್ಕಿಂತ ಮೊದ್ಲ ಹೊಲದವ್ರನ್ನ ಕೇಳ್ರಿ

ಸಂಪಾದಕರಿಗೆ ನಮಸ್ಕಾರ,

ಥಂಡಿ ಚಾಲೂ ಆತಂದ್ರ ಸಾಕು, ಶನಿವಾರ ಸಂಜಿಕ ಬೈಕಿಗೆ ಟೆಂಟ್ ಕಟ್ಕೊಂಡು ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಕಡೆ ಹುಡುಗ್ರು ಸಾಲಾಗಿ ಹೊಂಟಿರ್ತಾರ. ಹೋಗ್ಲಿ ಬಿಡ್ರಿ, ಮನ್ಯಾಗ ಮೊಬೈಲ್ ತಿಕ್ಕೋತ ಕೂಡೂಕ್ಕಿಂತ ಛಲೋನ. ಆದ್ರ ರೀಲ್ಸ್ ನೋಡಿ ಹೊಂಟವ್ರಿಗೆ ಎಲ್ಲಿ ಮಲಗಬೇಕು ಎಲ್ಲಿ ಮಲಗಬಾರ್ದು ಅನ್ನೂದ ಗೊತ್ತಿರಂಗಿಲ್ಲ, ನಿಮ್ಮ ಪ್ರವಾಸದ ಪುಟದಾಗೂ ಚಂದನ ಫೋಟೋ ಬರ್ತಾವ ಹೊರತು ಇದೇನೂ ಬರಂಗಿಲ್ಲ.

ನಮ್ಮ ಖಾನಾಪುರ ತಾಲೂಕಿನ ಭೀಮಗಡ 2011ರಾಗ ವನ್ಯಜೀವಿ ಧಾಮ ಆಗೈತಿ. ಹುಲಿ, ಕರಡಿ, ಕಾಡುಕೋಣ ಎಲ್ಲಾ ಅದಾವ. ಪರವಾನಗಿ ಇಲ್ದ ಒಳಗ ಹೊಕ್ಕು ಮಲಗಿದ್ರ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸ್ ಬೀಳ್ತೈತಿ, ಒಂದ್ ರಾತ್ರಿ ಅಷ್ಟ ಅಲ್ಲ ಅಂದ್ರ ಗಾರ್ಡ್ ಕೇಳಂಗಿಲ್ಲ. ಹೊಳಿ ದಂಡಿನೂ ಬ್ಯಾಡ. ಕೃಷ್ಣಾ ಕಡೆ ಮೊಸಳಿ ಕಾಟ, ಹಿಡಕಲ್, ನವಿಲುತೀರ್ಥ ಡ್ಯಾಮಿನ ಕೆಳಗ ನೀರು ಬಿಟ್ರ ರಾತ್ರೋರಾತ್ರಿ ದಂಡಿ ಏರ್ತೈತಿ.

ಹೊಸಬ್ರು ಮೊದಲನೇ ಸಲ ಯಾರದರ ಹೊಲದಾಗ ಟೆಂಟ್ ಹಾಕ್ರಿ, ಅದೂ ಕೇಳಿ. ಹೊತ್ತು ಮುಳಗೂಕ್ಕಿಂತ ಮೊದ್ಲ ಬಂದು "ಯಜಮಾನ್ರ, ಒಂದ್ ರಾತ್ರಿ ಇಲ್ಲಿ ಇರ್ತೀವ್ರಿ" ಅಂದ್ರ ನಮ್ಮ ಮಂದಿ ಬ್ಯಾಡ ಅನ್ನೂದು ಕಡಿಮಿ, ಮ್ಯಾಲೆ ಒಂದ್ ತಂಬಿಗಿ ಮಜ್ಜಿಗಿನೂ ಕೊಡ್ತಾರ. ಕೇಳ್ದ ಕತ್ತಲದಾಗ ಕಡಲಿ ತುಳ್ಕೊಂತ ಬಂದು ಸ್ಪೀಕರ್ ಹಚ್ಚಿದ್ರ ಮಾತ್ರ ನಾಯಿ ಬಿಡ್ತೀವಿ, ಸಿಟ್ಟಾಗಬ್ಯಾಡ್ರಿ.

ಹೊಸ ಹುಡುಗ್ರು ಟೆಂಟಿಗೆ ಸಾವಿರಗಟ್ಟಲೆ ಸುರೀತಾರ, ಕೆಳಗ ಹಾಸೂದು ಮರೀತಾರ. ಥಂಡಿ ಮ್ಯಾಲಿಂದ ಬರೂಕ್ಕಿಂತ ನೆಲದಿಂದ ಜಾಸ್ತಿ ಬರ್ತೈತಿ. ಫೋಮ್ ಶೀಟ್ ಹಾಸಿ ಅದರ ಮ್ಯಾಲೆ ಕುರಿ ಕಂಬಳಿ ಹಾಕಿದ್ರ ಬೆಳತನಕ ನಿದ್ದಿ ಬರ್ತೈತಿ. ಟೆಂಟಿನ ಜಿಪ್ ಪೂರ್ತಿ ಎಳೀರಿ, ಬೂಟು ಒಳಗ ಇಟ್ಕೋರಿ, ಯಾಕಂದ್ರ ಭಾಳ ವಿಷದ ಕಟ್ಟು ಹಾವು ರಾತ್ರಿನ ಅಡ್ಡಾಡ್ತೈತಿ, ನೆಲದ ಮ್ಯಾಲೆ ಮಲಗಿದವ್ರಿಗೆ ಕಡದ್ರ ಎಷ್ಟೋ ಸಲ ಗೊತ್ತ ಆಗಂಗಿಲ್ಲ. ಕಡದ್ರ ಕೊಯ್ಯೂದು, ಬಿಗಿಯಾಗಿ ಕಟ್ಟೂದು ಬ್ಯಾಡ, ಸೀದಾ ಸರ್ಕಾರಿ ದವಾಖಾನಿಗೆ.

ಊಟಕ್ಕ ಮ್ಯಾಗಿ, ಸ್ಟವ್ ಅಂತ ಯಾಕ ಒದ್ದಾಡ್ತೀರಿ? ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದ್ ಉಳ್ಳಾಗಡ್ಡಿ ಇದ್ರ ಮುಗೀತು, ವಾರ ಆದ್ರೂ ಕೆಡಂಗಿಲ್ಲ, ಬೆಂಕಿ ಗೊಡವಿನೂ ಇಲ್ಲ. ಫೆಬ್ರವರಿ ಬಂತಂದ್ರ ಬದುವಿನ ಹುಲ್ಲು, ಕಬ್ಬಿನ ರವದಿ ಎಲ್ಲಾ ಒಣಗಿರ್ತೈತಿ, ಒಂದ್ ಕಿಡಿ ಸಾಕು ಮಗ್ಗಲ ಹೊಲದ ಕಬ್ಬೂ ಹೋಗ್ತೈತಿ, ಆ ಲುಕ್ಸಾನ ತುಂಬವ್ರು ಯಾರು? ಹಳ್ಳದ ನೀರು ಕುದಿಸ್ಲಾರ್ದ ಕುಡೀಬ್ಯಾಡ್ರಿ, ಅದಕ್ಕ ಮನಿಯಿಂದನ ನೀರು ತರೂದು ಪಾಡ. ಸಂಡಾಸಕ್ಕ ಬಾವಿ, ಹಳ್ಳದಿಂದ ನೂರು ಹೆಜ್ಜಿ ಆಚೆ ಹೋಗಿ, ಒಂದ್ ಗೇಣು ತೆಗ್ಗು ತೋಡಿ ಮಣ್ಣು ಮುಚ್ರಿ. ಪ್ಲಾಸ್ಟಿಕ್ ಮಾತ್ರ ಹುಗೀಬ್ಯಾಡ್ರಿ, ಮುಂದ ಅದು ನಮ್ಮ ನೇಗಿಲಿಗೆ ಸಿಗ್ತೈತಿ, ಇಲ್ಲಂದ್ರ ದನದ ಹೊಟ್ಟಿಗೆ ಹೋಗ್ತೈತಿ.

ಇನ್ನ ಮುಂದ ಯಾವ ಜಾಗಾದ ಫೋಟೋ ಹಾಕಿದ್ರೂ ಅಲ್ಲಿ ರಾತ್ರಿ ಇರಾಕ ಬಿಡ್ತಾರೋ ಇಲ್ಲೋ, ಬಿಟ್ರ ಯಾವ ಆಫೀಸಿನ್ಯಾಗ ಕೇಳಬೇಕು ಅಂತ ಕೆಳಗ ಒಂದ್ ಸಾಲು ಬರೀರಿ ಸರ್. ಅರಣ್ಯ ಇಲಾಖೆಯವ್ರೂ ಜಾಂಬೋಟಿ ಕ್ರಾಸಿನ್ಯಾಗ ದೊಡ್ಡದೊಂದು ಬೋರ್ಡ್ ಹಾಕ್ಲಿ, ಕನ್ನಡದಾಗೂ ಮರಾಠಿಯೊಳಗೂ.

ಒಬ್ಬ ರೈತ, ಖಾನಾಪುರ ತಾಲೂಕು