ಬಲಗೈ ಮೇಲೇಳದ ಸೀಸನ್ನಿನಲ್ಲಿ ಕೈಹಿಡಿದವರಿಗೆ

ಆಷಾಢ ಬಂತು. ಮದುವೆ ಫೋಟೊ ತೆಗೆಯುವವರಿಗೆ ಇದು ಲೆನ್ಸ್ ಒರೆಸುವ, ಬಾಕಿ ಆಲ್ಬಮ್ ಮುಗಿಸುವ, ದುಡ್ಡು ಕೊಡಬೇಕಾದವರಿಗೆ ಮೆತ್ತಗೆ ಫೋನ್ ಮಾಡುವ ತಿಂಗಳು. ಈ ಸಲ ನನ್ನದೇ ಒಂದು ಬಾಕಿ ಇದೆ, ಥ್ಯಾಂಕ್ಸ್ ಹೇಳುವುದು. ಯಾರ್‍ಯಾರಿಗೆ ಎಂದು ಬರೆದಿಡದಿದ್ದರೆ ಶ್ರಾವಣದ ಗಡಿಬಿಡಿಯಲ್ಲಿ ಉಳಿದೇಹೋಗುತ್ತದೆ.

ಗೊತ್ತಿಲ್ಲದವರಿಗೆ ಹೇಳಬೇಕಲ್ಲ: ದಸರಾ ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ನಾಯಿಯೊಂದು ಅಡ್ಡ ಬಂತು. ನಾಯಿಗೆ ಏನೂ ಆಗಲಿಲ್ಲ. ನನ್ನ ಬಲ ಭುಜದ ರೊಟೇಟರ್ ಕಫ್, ಅಂದರೆ ತೋಳನ್ನು ಎತ್ತಿ ತಿರುಗಿಸುವ ಸ್ನಾಯುಗಳ ಕಟ್ಟು, ಹರಿದಿತ್ತು. ಕೀಹೋಲ್ ಆಪರೇಷನ್, ಸ್ಲಿಂಗ್, ಆಮೇಲೆ ತಿಂಗಳುಗಟ್ಟಲೆ ಫಿಸಿಯೊ. ಆಸ್ಪತ್ರೆ ಬಿಲ್ಲನ್ನು ಇನ್ಶೂರೆನ್ಸ್ ನೋಡಿಕೊಂಡಿತು. ತುಳಸಿ ಹಬ್ಬ ಕಳೆದ ಮೇಲೆ ಶುರುವಾಗಿ ಧನುರ್ಮಾಸಕ್ಕೆ ನಿಲ್ಲುವ ಮದುವೆಗಳಿಗೆ ಮಾತ್ರ ಯಾವ ಪಾಲಿಸಿಯೂ ಇಲ್ಲ. ಅಡ್ವಾನ್ಸ್ ಇಸ್ಕೊಂಡಿದ್ದೆ, ಅದು ಹೊಸ ಕ್ಯಾಮೆರಾದ ಇಎಂಐಗೆ ಹೋಗಿತ್ತು. ಎಡಗೈಯಲ್ಲಾದರೂ ತೆಗೆಯೋಣವೆಂದರೆ ಶಟರ್ ಬಟನ್ ಇರುವುದು ಬಲಗಡೆಗೇ. ದೂರದ್ದನ್ನು ಹತ್ತಿರಕ್ಕೆ ತರುವ 70-200 ಲೆನ್ಸ್ ಸೇರಿದರೆ ಕ್ಯಾಮೆರಾ ಎರಡು ಕೆಜಿಗೂ ಮೇಲೆ. ಹಿಂದಿನ ಸಂಜೆಯ ರಿಸೆಪ್ಷನ್‌ನಿಂದ ಮರುದಿನ ಕೊನೇ ಪಂಕ್ತಿ ಏಳುವವರೆಗೂ ಅದು ಕೈಯಲ್ಲೇ ಇರಬೇಕು.

ನಮ್ಮ ಫೋಟೊಗ್ರಾಫರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುವುದು ಬಹುಪಾಲು ರೇಟಿನ ಜಗಳ. ‘ಅವನು ಡ್ರೋನ್ ಫ್ರೀ ಅಂದನಂತೆ, ಹಿಂಗಾದ್ರೆ ನಾವು ಬದುಕೋದು ಹೆಂಗೆ?’ ಅಂಥವು. ನಾನು ಬಿದ್ದ ಸುದ್ದಿ ಗ್ರೂಪಿಗೆ ತಲುಪಿದ ರಾತ್ರಿಯೇ ನಂಜನಗೂಡಿನ ಸ್ಟುಡಿಯೊದ ಅಣ್ಣ ಫೋನ್ ಮಾಡಿದರು. ‘ಡೇಟ್ ಲಿಸ್ಟ್ ಕಳಿಸಪ್ಪ. ಛತ್ರದ ಹೆಸರು, ಮುಹೂರ್ತದ ಟೈಮು, ಪಾರ್ಟಿ ನಂಬರು. ಮಿಕ್ಕಿದ್ದು ನಾವು ಹಂಚ್ಕೋತೀವಿ.’ ಹಂಚಿಕೊಂಡರು. ತಮ್ಮ ಸ್ಟುಡಿಯೊ ಹೆಸರಿನ ಟೀ ಶರ್ಟ್ ಹಾಕದೆ ಹೋದರು. ಹುಡುಗಿಯ ಸೋದರಮಾವ ಬಂದು ‘ನಮ್ಮ ಮಗಳದ್ದೂ ಇದೆ, ಕಾರ್ಡ್ ಕೊಡಿ’ ಎಂದಾಗ ನನ್ನ ನಂಬರ್ ಕೊಟ್ಟರು. ಈ ಕಸುಬಿನಲ್ಲಿ ಇಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಮುಂದಿನ ಮದುವೆ ಬುಕ್ ಆಗುವುದು ಈ ಮದುವೆಯ ಛತ್ರದಲ್ಲೇ ಸ್ವಾಮಿ. ಅಂಥ ಹೊತ್ತಿನಲ್ಲಿ ಸ್ವಂತ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು.

ಟಿ. ನರಸೀಪುರದ ಹುಡುಗ ತೆಗೆದ ಒಂದು ಫೋಟೊದ ಬಗ್ಗೆ ಹೇಳಲೇಬೇಕು. ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವ ಕ್ಷಣಕ್ಕೆ ಎರಡನೇ ಅವಕಾಶ ಇಲ್ಲ. ಗಟ್ಟಿಮೇಳ ಮೊಳಗುತ್ತದೆ, ಸುತ್ತಲಿಂದ ಅಕ್ಷತೆ ಬೀಳುತ್ತದೆ, ನಡುವೆ ಯಾರದೋ ಮೊಬೈಲ್ ಹಿಡಿದ ಕೈ. ಅವನ ಫ್ರೇಮಿನಲ್ಲಿ ಪಟದ ಅಂಚು ಇನ್ನೂ ಕೆಳಗೆ ಕಾಣುತ್ತಿದೆ, ವರನ ಹುಬ್ಬಿಗೆ ಒಂದು ಜೀರಿಗೆ ಅಂಟಿದೆ, ಅದನ್ನು ನೋಡಿ ಹುಡುಗಿ ನಗು ತಡೆಯುತ್ತಿದ್ದಾಳೆ. ನನಗೆ ಹೊಟ್ಟೆಕಿಚ್ಚಾಯಿತು. ತಮ್ಮಾ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಹತ್ತಿರ ಇಲ್ಲ.

ಒಬ್ಬಿಬ್ಬರು ಪೂರ್ತಿ ರೇಟು ತೆಗೆದುಕೊಂಡರು. ಸರಿಯಾಗಿಯೇ ಮಾಡಿದರು, ಅವರಿಗೂ ಇಎಂಐ ಇದೆ. ಅಡ್ವಾನ್ಸ್ ವಾಪಸ್ ಕೇಳಿದ ಮನೆಯವರೂ ಕಂತಿನಲ್ಲಿ ಇಸ್ಕೊಳ್ಳಲು ಒಪ್ಪಿದರು. ಅವರಿಗೂ ನಮಸ್ಕಾರ.

ಇನ್ನು ಮನೆ. ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಮುಗಿಸಿ ಬಂದು ರಾತ್ರಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಸಾವಿರಗಟ್ಟಲೆ ಫೋಟೊಗಳಲ್ಲಿ ಆಲ್ಬಮ್ಮಿಗೆ ಯಾವುದು ಎಂದು ಆರಿಸುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಅವಳು ನನ್ನನ್ನು ಕೇಳದೆಯೇ ಶುರುಮಾಡಿದಳು. ಫೋಕಸ್ ತಪ್ಪಿದೆ ಎಂದು ನಾನು ತೆಗೆಸಲು ಹೊರಟ ಒಂದು ಫೋಟೊವನ್ನು ತಡೆದು, ‘ಅಜ್ಜಿ ಇದ್ದಾರಲ್ರೀ ಇದ್ರಲ್ಲಿ. ಮಸುಕಾದ್ರೂ ಇರ್ಲಿ, ಇನ್ನೆರಡು ವರ್ಷಕ್ಕೆ ಇದನ್ನೇ ಹುಡುಕ್ತಾರೆ’ ಅಂದಳು. ಮಂಟಪದ ಹೂವಿನ ಫೋಟೊಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿದಳು. ಈಗ ಆ ಕೆಲಸ ಕಾಯಂ ಅವಳದ್ದೇ. ಸಂಬಳದ ಮಾತುಕತೆ ನಡೆಯುತ್ತಿದೆ.

ಫಿಸಿಯೊ ಮೇಡಂ ಹೇಳಿಕೊಟ್ಟ ವ್ಯಾಯಾಮಗಳಲ್ಲಿ ಒಂದು, ಗೋಡೆಗೆ ಬೆರಳಿಟ್ಟು ಒಂದೊಂದೇ ಬೆರಳು ಸರಿಸುತ್ತ ಮೇಲೇರಿಸುವುದು. ಅಪ್ಪ ದಿನಾ ಬೆಳಿಗ್ಗೆ ಪೆನ್ಸಿಲ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಮಗಳು ಬೆಳೆದ ಎತ್ತರವನ್ನು ವರ್ಷ ವರ್ಷ ಗೆರೆ ಎಳೆದು ಗುರುತಿಸಿದ ಗೋಡೆಯೇ ಅದು. ಅವಳ ಯುಕೆಜಿ ಗೆರೆ ದಾಟಲು ನನಗೆ ಪ್ರಾಣ ಹೋಗಿ ಬಂತು. ‘ಸಾಕಪ್ಪ’ ಅಂದರೆ ಅಪ್ಪ, ‘ನಿನ್ನೆ ಇದಕ್ಕಿಂತ ಮೇಲೆ ಹೋಗಿದ್ದೆ, ನನಗೆ ಕಣ್ಣು ಕಾಣುತ್ತೆ’ ಅನ್ನುತ್ತಿದ್ದರು. ಮೇಡಂ, ನಿಮ್ಮ ಮುಂದೆ ಅತ್ತಿದ್ದನ್ನು ಯಾರಿಗೂ ಹೇಳಲಿಲ್ಲವಲ್ಲ, ಅದಕ್ಕೂ ಸೇರಿಸಿ ಥ್ಯಾಂಕ್ಸ್.

ಭಾನುವಾರದ ಹಕ್ಕಿ ನೋಡುವ ಚಾಳಿಯೂ ನಿಂತುಹೋಗಬೇಕಿತ್ತು. ಮಗಳು ಬಿಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ನಮ್ಮ ಕುಕ್ಕರಹಳ್ಳಿ ಕೆರೆಗೆ ಎಳೆದುಕೊಂಡು ಹೋದಳು. ಅಲ್ಲಿ ವಾಕಿಂಗ್ ಬರುವ ನಿವೃತ್ತ ಮೇಷ್ಟ್ರೊಬ್ಬರು ದೂರದ ಹಕ್ಕಿ ನೋಡುವ ತಮ್ಮ ದುರ್ಬೀನು, ಸ್ಪಾಟಿಂಗ್ ಸ್ಕೋಪನ್ನು, ಟ್ರೈಪಾಡ್ ಸಮೇತ ನಮಗೆ ಬಿಟ್ಟುಕೊಟ್ಟು ತಾವು ಬರಿಗಣ್ಣಿನಲ್ಲಿ ನೋಡುತ್ತಿದ್ದರು. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಒಂದೇ ಜಾಗದಲ್ಲಿ ಕನಿಷ್ಠ ಕಾಲು ಗಂಟೆ ಎಣಿಸಿದರೆ ಸಾಕು; ನಾವು ಕೂತರೆ ತಿಂಡಿ ಹೊತ್ತು ಮೀರುತ್ತಿತ್ತು. ನಾನು ಹೇಳುವುದು, ಅವಳು ಬರೆಯುವುದು: ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ, ಮಿಂಚುಳ್ಳಿ. ಕ್ಯಾಮೆರಾ ಇದ್ದಾಗ ಒಂದೇ ಹೆಜ್ಜಾರ್ಲೆಯ ಹಿಂದೆ ಬಿದ್ದು ಉಳಿದ ಕೆರೆಯನ್ನೇ ನೋಡುತ್ತಿರಲಿಲ್ಲ ನಾನು. ಒಂದು ದಿನ ಹಾವಕ್ಕಿ ಎರಡೂ ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುತ್ತ ಕೂತಿತ್ತು. ‘ಅಪ್ಪಾ, ನಿನಗಿಂತ ಚೆನ್ನಾಗಿ ಎತ್ತುತ್ತೆ ನೋಡು’ ಅಂದಳು ಮಗಳು. ಮೇಷ್ಟ್ರು ನಕ್ಕಿದ್ದು ಆ ದಡಕ್ಕೆ ಕೇಳಿಸಿರಬೇಕು.

ಕೈಗೆ ಬಲ ಬಂದ ಮೇಲೆ ಮೊದಲು ಹೋದದ್ದು ರಂಗನತಿಟ್ಟಿಗೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ. ದೊಡ್ಡ ಲೆನ್ಸ್ ಎತ್ತಿದಾಗ ತೋಳು ನಡುಗಿತು. ಅದನ್ನು ಕಂಡ ಬೋಟಿನವರು ಕೇಳದೆಯೇ ಹುಟ್ಟು ಊರಿ ದೋಣಿ ನಿಲ್ಲಿಸಿದರು, ಮೊಸಳೆಯೊಂದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಕಡೆಯೇ! ಆ ಫೋಟೊ ಚೂಪಾಗಿ ಬಂದಿಲ್ಲ, ಮೊಸಳೆಯದ್ದೇನೂ ತಪ್ಪಿಲ್ಲ.

ವೈಶಾಖದ ಮದುವೆಗಳನ್ನು ನಾನೇ ಮಾಡಿದೆ. ನಂಜನಗೂಡಿನ ಅಣ್ಣ, ನರಸೀಪುರದ ತಮ್ಮ, ಗ್ರೂಪಿನ ಎಲ್ಲರೂ ಕೇಳಿ: ಬರುವ ಕಾರ್ತಿಕದಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಹೆರಿಗೆಯಾದರೂ, ಡೇಟ್ ಲಿಸ್ಟ್ ಕಳಿಸಿ. ನನ್ನ ಟೀ ಶರ್ಟ್ ಮನೆಯಲ್ಲೇ ಇರುತ್ತದೆ, ಬಿಲ್ಲು ನಿಮ್ಮ ಹೆಸರಲ್ಲೇ ಆಗುತ್ತದೆ. ಡ್ರೋನ್ ಮಾತ್ರ ಫ್ರೀ ಇಲ್ಲ.