ಮಗಳಿಗೊಂದು ಪತ್ರ: ಲೇನ್ ಒಣಗಿದಾಗ ಯಾವ ಚೆಂಡು?

ಚಿಕ್ಕಮಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಟೆನ್‌ಪಿನ್ ಬೌಲಿಂಗ್ ಸ್ಕೋರ್ ನೋಡಿದೆ, ಎಣ್ಣೆ ಸವರಿದ ಲೇನ್ ಎಂಬ ಹಾದಿಯಲ್ಲಿ ಚೆಂಡು ಬಿಟ್ಟು ಹತ್ತು ಪಿನ್ ಬೀಳಿಸುವ ನಿನ್ನ ಆಟದ್ದು. ಮೊದಲ ಗೇಮ್ 182, ಎರಡನೆಯದು 171, ಮೂರನೆಯದು 138. "ಮೂರನೇ ಗೇಮ್ ಹೊತ್ತಿಗೆ ಬಾಲ್‌ನಲ್ಲಿ ದಮ್ಮೇ ಇರಲ್ಲಮ್ಮ, ಇನ್ನೂ ಜೋರಾಗಿ ಹುಕ್ ಆಗೋದು, ಅಂದ್ರೆ ಪಕ್ಕಕ್ಕೆ ಬಾಗಿ ತಿರುಗೋದು, ತಗೋತೀನಿ" ಅಂತ ಬರೆದಿದ್ದೀಯ. ದುಡ್ಡು ಕೊಡುವ ಮುಂಚೆ ಈ ಕಾಗದ ಪೂರ್ತಿ ಓದು ಕಣೇ. ನೀನು ಕಳಿಸಿದ ವಿಡಿಯೊದಲ್ಲಿ ನನಗೆ ಕಂಡಿದ್ದೇ ಬೇರೆ. ಚೆಂಡು ತಿರುಗುತ್ತಿದೆ. ತಿರುಗಬೇಕಾದ ಜಾಗಕ್ಕಿಂತ ಹತ್ತು ಹದಿನೈದು ಅಡಿ ಮೊದಲೇ ತಿರುಗಿ, ಪಿನ್ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಅದಕ್ಕಿಂತ ಜೋರಾದ ಚೆಂಡು ತಂದರೆ ಅದು ಇನ್ನೂ ಬೇಗ ಸುಸ್ತಾಗುತ್ತದೆ.

ಯಾಕೆ ಹೀಗಾಗುತ್ತದೆ ಅಂತ ಮೊದಲು ತಿಳಿದುಕೋ. ಚೆಂಡು ಬಿಡುವ ಗೆರೆ ಫೌಲ್ ಲೈನ್‌ನಿಂದ ಮೊದಲ ಪಿನ್‌ಗೆ 60 ಅಡಿ, ಅಡ್ಡಕ್ಕೆ 39 ಬೋರ್ಡ್, ಅಂದರೆ ಉದ್ದುದ್ದ ಪಟ್ಟಿ. ಈ 60 ಅಡಿಯಲ್ಲಿ ಎಣ್ಣೆ ಇರುವುದು ಮೊದಲ ಸುಮಾರು 40 ಅಡಿಗೆ ಮಾತ್ರ, ಅದೂ ಒಂದು ಲೇನ್‌ಗೆ ಎಲ್ಲಾ ಸೇರಿ 20ರಿಂದ 30 ಮಿ.ಲೀ. ಅಂದರೆ ಒಗ್ಗರಣೆಗೆ ಹಾಕುವ ಎರಡು ಚಮಚದಷ್ಟು. ಸಾಮಾನ್ಯವಾಗಿ ನಡುವೆ ದಪ್ಪಗೆ, ಎರಡೂ ಅಂಚಿಗೆ ತೆಳ್ಳಗೆ ಹರಡಿರುತ್ತಾರೆ. ನಿನ್ನ ಹತ್ತಿರ ಇರುವಂಥ ರಿಯಾಕ್ಟಿವ್ ಅನ್ನುವ ಬಗೆಯ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ, ಪ್ರತಿ ಸಲ ಹೋದಾಗಲೂ ಅದು ಒಂದಿಷ್ಟು ಎಣ್ಣೆ ಕುಡಿದು ಬರುತ್ತದೆ. ಕಾವಲಿಗೆ ಒಮ್ಮೆ ಎಣ್ಣೆ ಸವರಿ ಸಾಲಾಗಿ ದೋಸೆ ಹುಯ್ದರೆ ಮೊದಲ ಎರಡು ತಾವಾಗಿಯೇ ಜಾರಿ ಬರುತ್ತವೆ, ನಾಲ್ಕನೆಯದು ಹಿಡಿದುಕೊಳ್ಳುತ್ತದಲ್ಲ, ಹಾಗೆ. ಬಲಗೈಯವರೆಲ್ಲ ಲೇನ್ ಮೇಲೆ ಗುರುತು ಹಾಕಿದ ಎರಡನೇ ಬಾಣದ ಮೇಲೆ, ಅಂದರೆ ಹತ್ತನೇ ಬೋರ್ಡಿನ ಆಚೀಚೆ ಎಸೆಯುವುದರಿಂದ ಮೊದಲು ಒಣಗುವುದೂ ಅದೇ ಜಾಗ. ಎಡಗೈಯವರ ಕಡೆ ಅಷ್ಟು ಬೇಗ ಒಣಗುವುದಿಲ್ಲ, ಆ ಕಡೆ ಆಡುವವರೇ ಕಡಿಮೆ.

ಚೆಂಡಿನ ಓಟದಲ್ಲಿ ಮೂರು ಘಟ್ಟ: ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಉರುಳುವ ಘಟ್ಟಕ್ಕೆ ಬಂದ ಮೇಲೆ ಅದು ಮತ್ತೆ ತಿರುಗುವುದಿಲ್ಲ, ನೇರ ಹೋಗುತ್ತದೆ. ಒಳ್ಳೆ ಎಣ್ಣೆಯಿದ್ದಾಗ ಈ ಉರುಳುವಿಕೆ ಪಿನ್‌ಗೆ ತೀರ ಹತ್ತಿರದಲ್ಲಿ ಶುರುವಾಗುತ್ತದೆ. ಒಣ ಲೇನ್‌ನಲ್ಲಿ 25–30 ಅಡಿಗೇ ತಿರುಗಲು ಹಿಡಿದು, 45ಕ್ಕೆಲ್ಲ ಉರುಳಲು ಶುರು. ಅಲ್ಲಿಂದ ಮುಂದೆ ನೋಡಿದವರಿಗೆ ಚೆಂಡು ತಿರುಗದೆ ನೇರ ಹೋದಂತೆಯೇ ಕಾಣುತ್ತದೆ. ನೀನು ಮೋಸ ಹೋಗುತ್ತಿರುವುದು ಇಲ್ಲೇ.

ಪಿನ್‌ಗಳನ್ನು ನೋಡಿದರೆ ಸಂಶಯವೇ ಉಳಿಯುವುದಿಲ್ಲ. ಚೆಂಡು ಪಾಕೆಟ್‌ಗೇ, ಅಂದರೆ 1 ಮತ್ತು 3ನೇ ಪಿನ್ ನಡುವಿನ ಸಂದಿಗೇ, ಹೋಗಿ ಬಲ ಮೂಲೆಯ 10ನೇ ಪಿನ್ ನಿಂತರೆ, ಅದರ ಮುಂದಿರುವ 6ನೇ ಪಿನ್ ಏನು ಮಾಡಿತು ಅಂತ ನೋಡು. ಹಾರಿ ಬಂದು 10ರ ಕತ್ತಿನ ಸುತ್ತ ಸುತ್ತಿ ಹೋಗಿದ್ದರೆ ಚೆಂಡಿನಲ್ಲಿ ಬಲ ಇತ್ತು, ಕೂದಲೆಳೆಯಷ್ಟು ತಪ್ಪಿದೆ. 6 ಸುಮ್ಮನೆ ಗಟರ್‌ಗೆ, ಅಂದರೆ ಪಕ್ಕದ ಕಾಲುವೆಗೆ, ಬಿದ್ದು ಮಲಗಿದ್ದರೆ ಚೆಂಡಿಗೆ ಬಲ ಇರಲಿಲ್ಲ. ನಿನ್ನ ವಿಡಿಯೊದಲ್ಲಿ ನಾಲ್ಕು ಸಲ 10 ನಿಂತಿದೆ, ನಾಲ್ಕೂ ಸಲ 6 ಮಲಗಿದೆ. ಒಂದು ಸಲ 8-10 ಸ್ಪ್ಲಿಟ್, ಅಂದರೆ ದೂರ ದೂರದ ಆ ಎರಡು ಪಿನ್ ಉಳಿಯುವುದು, ಬಂದಿದೆ, ಅದೂ ಬಲವಿಲ್ಲದ ಹೊಡೆತದ್ದೇ. ಇನ್ನೆರಡು ಸಲ ಚೆಂಡು ಪಾಕೆಟ್ ದಾಟಿ ಮೊದಲ ಪಿನ್ನಿನ ಮೂಗಿಗೇ ಹೊಡೆದು 4-6-7-10 ನಾಲ್ಕೂ ನಿಂತಿವೆ. ಒಂದರಲ್ಲಿ ಬಲ ಖಾಲಿ, ಇನ್ನೊಂದರಲ್ಲಿ ಅತಿ ತಿರುವು. ಎರಡಕ್ಕೂ ಒಣಗಿದ ಲೇನೇ ಕಾರಣ.

ಇನ್ನೊಂದು ಗುರುತು ಚೆಂಡಿನ ಮೇಲೇ ಇರುತ್ತದೆ. ವಾಪಸ್ ಬಂದ ಚೆಂಡನ್ನು ಒರೆಸುವ ಮೊದಲು ಬೆಳಕಿಗೆ ಹಿಡಿದು ನೋಡು. ಹೊಸ ಎಣ್ಣೆಯಲ್ಲಿ ಬಳೆ ಜೋಡಿಸಿಟ್ಟ ಹಾಗೆ ಎಣ್ಣೆಯ ಉಂಗುರಗಳು ಒಂದರ ಪಕ್ಕ ಒಂದು ಹೊಳೆಯುತ್ತವೆ, ಎರಡು ಕಡೆ ಎಲ್ಲಾ ಕೂಡಿಕೊಂಡು ನಡುವೆ ಅಗಲವಾಗಿರುತ್ತವೆ. ಮೂರನೇ ಗೇಮ್‌ನಲ್ಲಿ ಆ ಉಂಗುರಗಳು ಮಸುಕಾಗಿ, ಬಿಳಿ ಟವೆಲ್‌ನಲ್ಲಿ ಒರೆಸಿದರೂ ಗುರುತು ಹತ್ತದಿದ್ದರೆ ಲೇನ್‌ನಲ್ಲಿ ಏನೂ ಉಳಿದಿಲ್ಲ ಅಂತ ತಿಳಿ. ಕೌಂಟರ್‌ನಲ್ಲಿ ಒಂದು ಮಾತು ಕೇಳಲು ಸಂಕೋಚ ಬೇಡ: ಎಣ್ಣೆ ಹಾಕಿದ್ದು ಎಷ್ಟು ಹೊತ್ತಿಗೆ? ಬೆಳಿಗ್ಗೆ ಹಾಕಿದ್ದರೆ ಮಧ್ಯಾಹ್ನದ ಲೀಗ್ ಶುರುವಾಗುವುದೇ ಅರ್ಧ ಒಣಗಿದ ಲೇನ್‌ನಲ್ಲಿ.

ಈಗ ಮಾಡಬೇಕಾದ್ದು. ಚೆಂಡು ಬದಲಿಸುವ ಮೊದಲು ಕಾಲು ಬದಲಿಸು. ನಿಲ್ಲುವ ಜಾಗ ಎಡಕ್ಕೆ ಎರಡು ಬೋರ್ಡ್, ಕಣ್ಣಿಡುವ ಜಾಗ ಎಡಕ್ಕೆ ಒಂದು ಬೋರ್ಡ್. ನಡುವೆ ಎಣ್ಣೆ ಇನ್ನೂ ಇದೆ, ಅದರೊಳಗೆ ಹೋಗುತ್ತೀಯ. ಮೂಗಿಗೆ ಹೊಡೆದರೆ ಮತ್ತೆ ಎರಡು-ಒಂದು. ಕೆಟ್ಟ ಎಸೆತಕ್ಕೆ ಜಾಗ ಬದಲಿಸಬೇಡ, ಚೆನ್ನಾಗಿ ಬಿಟ್ಟ ಚೆಂಡು ಎರಡು ಸಲ ಮೊದಲ ಪಿನ್ನಿನ ಮೂಗಿನ ಕಡೆಗೆ ಹೋದರೆ ಮಾತ್ರ ಬದಲಿಸು. ವೇಗ ಬೇಕಾದರೆ ತೋಳಿನಿಂದ ತಳ್ಳಬೇಡ, ನಿಂತಾಗಲೇ ಚೆಂಡನ್ನು ಮೂರು ನಾಲ್ಕು ಇಂಚು ಮೇಲೆ ಹಿಡಿ, ಸ್ವಿಂಗ್ ತಾನೇ ವೇಗ ಕೊಡುತ್ತದೆ. ನಿನ್ನ ವೇಗ ಸ್ಕ್ರೀನ್‌ನಲ್ಲಿ 22–23 ಕಿ.ಮೀ. ತೋರಿಸುತ್ತಿದೆ. ಇದು ನಿಧಾನದ ಕಡೆಗೇ ಸೇರುತ್ತದೆ, ಅದಕ್ಕೇ ಒಣ ಲೇನ್ ನಿನ್ನನ್ನು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ. ಕಾಲು ಎಂಟು ಬೋರ್ಡ್ ಎಡಕ್ಕೆ ಹೋದ ಮೇಲೂ 6ನೇ ಪಿನ್ ಮಲಗುತ್ತಿದ್ದರೆ ಆಗ ಬ್ಯಾಗ್‌ಗೆ ಕೈ ಹಾಕು.

ಹೊಸದು ಕೊಳ್ಳುವ ಮುಂಚೆ ಖರ್ಚಿಲ್ಲದ ಎರಡು ಪರೀಕ್ಷೆ ಇವೆ. ಅಭ್ಯಾಸದ ದಿನ ಲೇನ್ ಒಣಗಿದ ಮೇಲೆ, ಸ್ಪೇರ್‌ಗೆ, ಅಂದರೆ ಉಳಿದ ಪಿನ್ ಬೀಳಿಸಲು, ಇಟ್ಟುಕೊಂಡ ಪ್ಲಾಸ್ಟಿಕ್ ಚೆಂಡನ್ನು ಸ್ಟ್ರೈಕ್‌ಗೆ, ಅಂದರೆ ಹತ್ತೂ ಒಟ್ಟಿಗೆ ಬೀಳಿಸಲು, ಎಸೆಯುವ ಹಾಗೆಯೇ ಪೂರ್ತಿ ಕೈ ತಿರುಗಿಸಿ ಎಸೆ. ಪ್ಲಾಸ್ಟಿಕ್ಕೇ ಮೂರು ನಾಲ್ಕು ಬೋರ್ಡ್ ತಿರುಗಿದರೆ ಲೇನ್ ಎಷ್ಟು ಒಣಗಿದೆ ಅಂತ ನಿನಗೇ ಗೊತ್ತಾಗುತ್ತದೆ. ಎರಡನೆಯದು, ಈಗಿರುವ ಚೆಂಡಿನ ಮೈ ನಯಗೊಳಿಸುವುದು. ಅದು 2000 ಗ್ರಿಟ್‌ನಲ್ಲಿದೆ. ಗ್ರಿಟ್ ಸಂಖ್ಯೆ ಏರಿದಷ್ಟೂ ಮೈ ನಯ, ನಯವಾದಷ್ಟೂ ತಡವಾಗಿ ತಿರುಗುತ್ತದೆ. 4000ದ ಉಜ್ಜುವ ಪ್ಯಾಡ್ ಒದ್ದೆ ಮಾಡಿಕೊಂಡು, ಚೆಂಡನ್ನು ಬಟ್ಟಲ ಮೇಲಿಟ್ಟು ಮೇಲೆ, ಕೆಳಗೆ, ನಾಲ್ಕು ಪಕ್ಕ, ಹೀಗೆ ಆರು ಮೈಗೂ ಒಂದೇ ಒತ್ತಡ, ಒಂದೇ ಹೊತ್ತು ಕೊಡು. ಒಂದು ಪಕ್ಕ ಹೆಚ್ಚು, ಒಂದು ಪಕ್ಕ ಕಡಿಮೆ ಉಜ್ಜಿದರೆ ಚೆಂಡು ಒಂದೊಂದು ಸಲ ಒಂದೊಂದು ಥರ ಹೋಗುತ್ತದೆ, ತಪ್ಪು ಕೈಯದೋ ಚೆಂಡಿನದೋ ತಿಳಿಯುವುದಿಲ್ಲ. ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗು. ಲೀಗ್ ಆಟ ಶುರುವಾದ ಮೇಲೆ ಮೈ ಉಜ್ಜುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ, ಒಣ ಟವೆಲ್‌ನಲ್ಲಿ ಒರೆಸಬಹುದು ಅಷ್ಟೇ.

ಇಷ್ಟಾದರೂ ಸಾಲದಿದ್ದರೆ ಕೊಂಡುಕೋ, ಬೇಡ ಅನ್ನುವುದಿಲ್ಲ. ಮೈ ಪರ್ಲ್ ರಿಯಾಕ್ಟಿವ್, ಅಂದರೆ ಮಿಂಚು ಬೆರೆಸಿದ, ತಡವಾಗಿ ತಿರುಗುವ ಬಗೆ ಇರಲಿ, ಕಾರ್ಖಾನೆಯಿಂದಲೇ ಪಾಲಿಶ್ ಆಗಿ ಬಂದಿರಲಿ. ಸಾಲಿಡ್ ಬೇಡ, ಅದು ಎಣ್ಣೆ ಹೆಚ್ಚಿದ್ದಾಗಿನ ಚೆಂಡು, ನಿನ್ನ ಹತ್ತಿರ ಈಗಾಗಲೇ ಒಂದಿದೆ. ಕೋರ್, ಅಂದರೆ ಚೆಂಡಿನೊಳಗಿನ ಭಾರದ ತುಂಡು, ಸಿಮೆಟ್ರಿಕ್ (ಸಮ ಆಕಾರದ್ದು) ಇರಲಿ. ಪೆಟ್ಟಿಗೆಯ ಮೇಲೋ ಕಂಪನಿಯ ಪಟ್ಟಿಯಲ್ಲೋ ಎರಡು ಸಂಖ್ಯೆ ಕೊಟ್ಟಿರುತ್ತಾರೆ, ಆರ್‌ಜಿ ಮತ್ತು ಡಿಫರೆನ್ಷಿಯಲ್. ಆರ್‌ಜಿ ಅಂದರೆ ಚೆಂಡಿನ ಒಳಗಿನ ಭಾರ ನಡುವಿಂದ ಎಷ್ಟು ದೂರದಲ್ಲಿದೆ ಅನ್ನುವ ಲೆಕ್ಕ. ಎರಡು ನೀರಿನ ಕೊಡ ಮೈಗೆ ಒತ್ತಿಕೊಂಡು ಗಿರಕ್ಕನೆ ತಿರುಗಬಹುದು, ಕೈ ಚಾಚಿ ಹಿಡಿದರೆ ತಿರುಗಲು ನಿಧಾನವಾಗುತ್ತದೆ. ನಿನಗೆ ಬೇಕಾದ್ದು ಕೈ ಚಾಚಿದ ಚೆಂಡು. ನಿಯಮ ಒಪ್ಪುವುದು 2.46 ಇಂಚಿನಿಂದ 2.80ರವರೆಗೆ, ನೀನು 2.55 ಅಥವಾ ಅದಕ್ಕಿಂತ ಮೇಲಿನದು ಹುಡುಕು. ಡಿಫರೆನ್ಷಿಯಲ್ ಹೆಚ್ಚಿದ್ದಷ್ಟೂ ಆ ಎಣ್ಣೆ ಉಂಗುರಗಳು ಅಗಲವಾಗಿ ಹರಡುತ್ತವೆ, ಪ್ರತಿ ಸುತ್ತಿಗೂ ಒಣ ಮೈ ಲೇನ್‌ಗೆ ತಾಗಿ ಹಿಡಿತ ಹೆಚ್ಚುತ್ತದೆ. ಅದರ ಮಿತಿ 0.060, ನಿನಗೆ 0.020ರಿಂದ 0.035ರ ಒಳಗೆ ಸಾಕು. ಈ ಸಂಖ್ಯೆಗಳು ತೂಕದಿಂದ ತೂಕಕ್ಕೆ ಬದಲಾಗುತ್ತವೆ, ಜಾಹೀರಾತಿನಲ್ಲಿ ಬಹಳ ಸಲ 15 ಪೌಂಡಿನದೇ ಇರುತ್ತದೆ. ನಿನ್ನದು 14 ಪೌಂಡ್, ಆ ಸಾಲನ್ನೇ ನೋಡು. ತೂಕ ಮಾತ್ರ ಇಳಿಸಬೇಡ, ಎರಡು ಚೆಂಡೂ ಒಂದೇ ತೂಕ ಇದ್ದರೆ ಸ್ವಿಂಗ್ ಕೆಡುವುದಿಲ್ಲ.

ಅಂಗಡಿಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಜೋರಾದ ಚೆಂಡೇ ತಗೊಂಡು ಪಾಲಿಶ್ ಮಾಡಿಸಿ, ಎರಡಕ್ಕೂ ಆಗುತ್ತೆ" ಅಂತ. ಒಪ್ಪಬೇಡ. ಪಾಲಿಶ್ ಮೈಯನ್ನು ಮಾತ್ರ ಬದಲಿಸುತ್ತದೆ, ಒಳಗಿನ ಕೋರ್ ಹಾಗೇ ಇರುತ್ತದೆ. ಅಂಥ ಚೆಂಡು ಎಣ್ಣೆ ತಾಗಿದರೆ ಜಾರಿಕೊಂಡೇ ಹೋಗುತ್ತದೆ, ಒಣ ಜಾಗ ತಾಗಿದ ಕೂಡಲೇ ಸರಕ್ಕನೆ ತಿರುಗುತ್ತದೆ, ನಡುವಿನ ದಾರಿಯೇ ಅದಕ್ಕೆ ಗೊತ್ತಿಲ್ಲ. ಇನ್ನೊಂದು, ಯುರೇಥೇನ್ ಮೈಯ ಚೆಂಡು ತಗೊಳ್ಳಿ ಅಂತ. ಅದು ಎಣ್ಣೆ ಅಷ್ಟಾಗಿ ಕುಡಿಯುವುದಿಲ್ಲ, ಒಂದೇ ಸಮನೆ ತಿರುಗುತ್ತದೆ, ಒಣ ಲೇನ್‌ನಲ್ಲಿ ಜೋರಾಗಿ ಎಸೆಯುವವರಿಗೆ ನಿಜವಾಗಿಯೂ ಒಳ್ಳೆಯದು. ಆದರೆ ಅದು ಪಿನ್‌ಗಳತ್ತ ಓರೆಯಾಗಿ ನುಗ್ಗುವುದು ಕಡಿಮೆ. ಪಾಕೆಟ್‌ಗೆ ಸುಮಾರು 6 ಡಿಗ್ರಿ ಓರೆಯಲ್ಲಿ ಬಂದರೆ ಹೊಡೆತ ಚೆನ್ನ. ನಿನ್ನ ವೇಗದಲ್ಲಿ ಯುರೇಥೇನ್ ಅಷ್ಟು ಓರೆ ಕೊಡುವುದಿಲ್ಲ, ಮತ್ತೆ 10ನೇ ಪಿನ್ ನಿಂತುಕೊಳ್ಳುತ್ತದೆ.

ಚೆಂಡಿಗೆ ಬೆರಳಿನ ತೂತು ಕೊರೆಸುವುದೂ ಕೊಳ್ಳುವಷ್ಟೇ ಮುಖ್ಯ. ಚೆಂಡು ನಿನ್ನ ಕೈ ಬಿಟ್ಟಾಗ ಯಾವ ಬಿಂದುವಿನ ಸುತ್ತ ಸುತ್ತುತ್ತದೋ ಅದನ್ನು ಮೊದಲು ಅಳೆಸು. ಆ ಜಾಗಕ್ಕೆ ಒಂದು ಚೂರು ಬಿಳಿ ಟೇಪ್ ಅಂಟಿಸಿ ಎಸೆದರೆ ಟೇಪ್ ಅಲ್ಲಾಡದೆ ಚುಕ್ಕಿಯ ಹಾಗೆ ಕಾಣಬೇಕು. ವೃತ್ತ ಬರೆದಂತೆ ಕಂಡರೆ ಜಾಗ ತಪ್ಪಿದೆ, ಸರಿಸಿ ಮತ್ತೆ ನೋಡಬೇಕು. ಚೆಂಡಿನ ಮೇಲಿನ ಬಣ್ಣದ ಚುಕ್ಕಿಗೂ ಪಿನ್ ಅಂತಲೇ ಹೆಸರು, ಅದು ಒಳಗಿನ ಕೋರಿನ ತುದಿ. ಅದು ಈ ಬಿಂದುವಿನಿಂದ 3⅜ ಇಂಚು ದೂರವಿದ್ದರೆ ಉಂಗುರಗಳು ಅತಿ ಹೆಚ್ಚು ಹರಡುತ್ತವೆ. ನಿನಗೆ 5 ಇಂಚು ದೂರ, ಬೆರಳಿನ ತೂತುಗಳ ಮೇಲ್ಭಾಗದಲ್ಲಿ ಇರಲಿ ಅಂತ ಹೇಳು, ಚೆಂಡು ಲೇನ್‌ನ ಮೊದಲ ಭಾಗದ ಒಣ ಜಾಗವನ್ನು ದಾಟಿಕೊಂಡು ಹೋಗುತ್ತದೆ. ಹಳೆಯ ಲೇಖನಗಳಲ್ಲಿ ತಿರುವು ಕಡಿಮೆ ಮಾಡಲು ಇನ್ನೊಂದು ತೂತು ಕೊರೆಯಿರಿ ಅಂತ ಓದಿರಬಹುದು. 2020ರ ಆಗಸ್ಟ್ 1ರಿಂದ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ನಿಯಮದಲ್ಲಿ ಬೆರಳು ಹಾಕದ ತೂತಿಗೆ ಅವಕಾಶವಿಲ್ಲ. ಬೆರಳಿನ ಅಳತೆ, ಹೆಬ್ಬೆರಳಿನ ಅಳತೆ ಎರಡೂ ಹಳೆ ಚೆಂಡಿನದ್ದೇ ಇರಲಿ.

ಆಟ ಮುಗಿದ ಕೂಡಲೇ, ಚೆಂಡು ಇನ್ನೂ ಬೆಚ್ಚಗಿರುವಾಗ ಒರೆಸಿ ಸ್ವಚ್ಛ ಮಾಡು. ಎಣ್ಣೆ ಒಳಗೆ ಇಳಿದ ಮೇಲೆ ತೆಗೆಯುವುದು ಕಷ್ಟ. ಪಾಲಿಶ್ ಕೂಡ ಶಾಶ್ವತವಲ್ಲ, ಆಡುತ್ತಾ ಆಡುತ್ತಾ ಮೈ ಸವೆದು ಮಂಕಾಗುತ್ತದೆ. ಮತ್ತೆ ಬೇಗ ತಿರುಗಲು ಶುರುವಾದರೆ ಹೊಸ ಚೆಂಡಿನ ಯೋಚನೆ ಬೇಡ, ಪಾಲಿಶ್ ಮಾಡಿಸು. ಊರಿಗೆ ಬರುವಾಗ ಚೆಂಡು ತಂದರೆ ಬಸ್ಸಿನ ಡಿಕ್ಕಿಗೆ ಹಾಕಬೇಡ, ಬೇಸಿಗೆಯಲ್ಲಿ ಅಲ್ಲಿ ಒಲೆಯ ಹಾಗೆ ಕಾಯುತ್ತದೆ. ಕಾದು ಆರಿ, ಕಾದು ಆರಿ ಬೆರಳಿನ ತೂತುಗಳ ನಡುವೆ ಬಿರುಕು ಬಿಡುತ್ತದೆ. ಸೀಟಿನ ಕೆಳಗೆ ಕಾಲ ಹತ್ತಿರವೇ ಇಟ್ಟುಕೋ.

ಶನಿವಾರದ ಬಸ್ಸಿಗೆ ಕಾಫಿಪುಡಿಯ ಜೊತೆ 4000ದ ಎರಡು ಪ್ಯಾಡ್ ಕಳಿಸುತ್ತೇನೆ. ಮೊದಲು ಅದನ್ನು ಮಾಡಿ ಮೂರು ಗೇಮ್ ಆಡು. ಮೂರನೇ ಗೇಮ್‌ನ ವಿಡಿಯೊ ಪಿನ್ ಕಾಣುವ ಹಾಗೆ ಹಿಡಿದು ಕಳಿಸು, 6ನೇ ಪಿನ್ ಏನು ಮಾಡುತ್ತದೆ ಅಂತ ಇಬ್ಬರೂ ನೋಡೋಣ.

ನಿನ್ನ
ಅಮ್ಮ